ನಾಯಿ ಕಡಿತಕ್ಕೆ ವೈಜಿನಾಥ ಕಾಕಾನ ಎಲೆ

ಅಕ್ಕನ ಫೋನು ಯಾವಾಗಲೂ ಹೊಲದಿಂದ ಶುರುವಾಗುತ್ತದೆ. ಅಂದೂ ಅಷ್ಟೇ. ಸೋಯಾ ರಾಶಿ ಆಯಿತು, ತೊಗರಿ ಹೂ ಬಿಟ್ಟಿದೆ, ಸೊಸೆ ತವರಿಗೆ ಹೋಗಿದ್ದಾಳೆ. ಫೋನ್ ಇಡುವ ಮುನ್ನ ಅಂದಳು: "ಹಾಂ, ನಿನ್ನಿ ಕೈಗಿ ನಾಯಿ ಕಡ್ದದ."

"ಯಾವ ನಾಯಿ?"

"ನಮ್ಮ ಓಣ್ಯಾಂದೇ. ಪಾಪ, ಇವತ್ತ ಮುಂಜಾನಿ ಸತ್ತ ಹೋತು."

ನಾನು ಬೀದರಿನಲ್ಲಿ, ಪಾಠ ಹೇಳಲು ಶಾಲೆಗೆ ಹೊರಟಿದ್ದವಳು, ಹೊಸ್ತಿಲಲ್ಲೇ ನಿಂತೆ. ಕಚ್ಚಿದ ಮರುದಿನವೇ ಸತ್ತಿತೆಂದರೆ ಅದು ಹುಚ್ಚು ನಾಯಿಯೇ ಇರಬೇಕು. ಅಕ್ಕನಿಗೆ ನಾಯಿಯ ಮೇಲೆ ಕನಿಕರ! ಸೂಜಿ ಹಾಕಿಸಿಕೊಂಡೆಯಾ ಎಂದರೆ, "ಬ್ಯಾಡವಾ, ವೈಜಿನಾಥ ಕಾಕಾ ಎಲಿ ಕೊಟ್ಟಾರ. ಸೂಜಿ ಚುಚ್ಚಿದ್ರ ಎಲಿ ದವಾ ಕೆಡ್ತದಂತ" ಎಂದು ಫೋನ್ ಇಟ್ಟಳು.

ಶಾಲೆಗೆ ರಜೆ ಹೇಳಿ ಭಾಲ್ಕಿ ಬಸ್ ಹತ್ತಿದೆ. ಅಲ್ಲಿಂದ ಅಕ್ಕನ ಊರು ಸಾಯಗಾಂವಕ್ಕೆ ಆಟೋ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ರೇಬಿಸ್ ಬಗ್ಗೆ ಓದಿದೆ. (ಓದಬಾರದಿತ್ತು. ರೋಗಿಗೆ ನೀರು ಕಂಡರೇ ಭಯವಂತೆ, ರೋಗ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.)

ಅಕ್ಕ ಅಂಗಳದಲ್ಲಿ ಕೂತಿದ್ದಳು. ಗಾಯಕ್ಕೆ ಖಾರಪುಡಿ, ಸುಣ್ಣ ಮೆತ್ತಿ, ಹಳೇ ಸೀರೆಯ ತುಂಡು ಸುತ್ತಲಾಗಿತ್ತು. ದವಾಖಾನೆಗೆ ನಡೆ ಎಂದೆ. ಅಲ್ಲಾಡಲಿಲ್ಲ.

"ನಮ್ಮ ಮನಿಯವ್ರಿಗಿ ಹ್ಯಾಂಗಾತು, ಮರ್ತೇನು? ಸೂಜಿ ಚುಚ್ಚಿದ್ರು. ಸಂಜಿಮುಂದ ಮುಗೀತು."

ಭಾವನನ್ನು ದವಾಖಾನೆಗೆ ಒಯ್ದದ್ದೇ ಉಸಿರಿಗೆ ಒದ್ದಾಡತೊಡಗಿದ ಮೇಲೆ. ಆದರೆ ಅಕ್ಕನ ಕಣ್ಣಲ್ಲಿ ಉಳಿದದ್ದು ಆ ಸೂಜಿ ಮಾತ್ರ. ಕಣ್ಣಾರೆ ಕಂಡದ್ದಕ್ಕೆ ಮೊಬೈಲಿನಲ್ಲಿ ಉತ್ತರ ಸಿಗುತ್ತದೆಯೇ?

ಊರಿಗೆಲ್ಲ ನಾಟಿ ಔಷಧಿ ಕೊಡುವ ವೈಜಿನಾಥ ಕಾಕಾನ ಮನೆಗೆ ನಡೆದೆ. ಜಗಳಕ್ಕೆ ತಯಾರಾಗಿಯೇ. ಅವರು ಬಿಸಿಲಿಗೆ ಸೋಯಾ ಹರವುತ್ತಿದ್ದರು.

"ನಮ್ಮಪ್ಪನ ಕಾಲದಿಂದ ಕೊಡ್ತೇವ್ರಿ ತಂಗಿ. ಪುಕ್ಕಟ ಕೊಡ್ತೇವಿ. ಒಬ್ರೂ ಸತ್ತಿಲ್ಲ."

(ಹುಚ್ಚಿಲ್ಲದ ನಾಯಿ ಕಚ್ಚಿದರೆ ಯಾವ ಎಲೆ ತಿಂದರೂ ಬದುಕುತ್ತಾರೆ. ಇದನ್ನು ಅವರ ಮುಖಕ್ಕೆ ಹೇಳುವುದು ಹೇಗೆ?)

"ಆ ನಾಯಿ ಸತ್ತದರಿ ಕಾಕಾ," ಎಂದೆ.

ಅವರ ಕೈ ನಿಂತಿತು. "ಯಾವಾಗ?"

"ಇವತ್ತ ಮುಂಜಾನಿ."

ಅಕ್ಕ ಅದನ್ನು ಅವರಿಗೆ ಹೇಳಿಯೇ ಇರಲಿಲ್ಲ. ಕಾಕಾ, "ನಾಯಿ ಸತ್ರ ನಮ್ಮ ಎಲಿ ನಡ್ಯಂಗಿಲ್ಲ. ನಮ್ಮಪ್ಪನೇ ಹೇಳ್ಯಾನ," ಎನ್ನುತ್ತ ಚಪ್ಪಲಿ ಮೆಟ್ಟಿದರು.

ಬಂದು ಅಕ್ಕನ ಮುಂದೆ ನಿಂತರು. "ಏಳವಾ, ದವಾಖಾನಿಗಿ ಹೋಗಮು. ನಾನೂ ಬರ್ತೇನಿ."

"ಸೂಜಿ ಚುಚ್ಚಿದ್ರ ದವಾ ಕೆಡ್ತದ ಅಂದಿದ್ರಲ್ರಿ?"

"ಕೆಡ್ಲಿ."

ಅಕ್ಕ ಎದ್ದಳು. ನನ್ನ ಮಾತಿಗಲ್ಲ.

ಭಾಲ್ಕಿಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿದವರೇ ಸಿಟ್ಟಾದರು. "ಗಾಯಕ್ಕ ಖಾರ ಹಚ್ಚಿದವ್ರು ಯಾರು?" ನಾನು ಏನೋ ಒಂದು ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಕಾ ಮುಂದೆ ಬಂದು "ನಾನೇರಿ" ಎಂದರು. ಡಾಕ್ಟರಮ್ಮ ಅವರನ್ನೊಮ್ಮೆ ನೋಡಿ, "ಹಂಗಾರ ನೀವೇ ಗಟ್ಟ್ಯಾಗಿ ಹಿಡ್ಕೋರಿ" ಎಂದರು.

ನಲ್ಲಿ ನೀರು, ಸಾಬೂನು. ಅಕ್ಕ ಚೀರಿದ್ದು ಗೇಟಿನವರೆಗೂ ಕೇಳಿರಬೇಕು. ಗಾಯದ ಸುತ್ತ ಸೂಜಿ, ತೋಳಿಗೆ ಸೂಜಿ. ಕಾಕಾ ಕೈ ಬಿಡಲಿಲ್ಲ.

ಉಳಿದ ಸೂಜಿಗಳನ್ನೂ ತಪ್ಪದೆ ಹಾಕಿಸಿದೆವು. ಆದರೂ ನನಗೆ ನಂಬಿಕೆ ಬರಬೇಕಲ್ಲ? ದಿನಾ ಎದ್ದ ಕೂಡಲೇ ಫೋನ್ ಮಾಡಿ, "ನೀರು ಕುಡ್ದೇನಕ್ಕ?" ಎಂದು ಕೇಳುತ್ತಿದ್ದೆ. "ಕುಡ್ದೀನಿ ಮಾರಾಯ್ತಿ" ಎನ್ನುವವರೆಗೆ ನನ್ನ ಚಹಾ ಗಂಟಲಿಗೆ ಇಳಿಯುತ್ತಿರಲಿಲ್ಲ.

ಅಕ್ಕ ಉಳಿದಳು. ಈಗ ಕಡಲೆ ರಾಶಿಯೂ ಮುಗಿದಿದೆ.

ಸಾಯಗಾಂವದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಹುಚ್ಚ ನಾಯಿ ಕಡ್ದಿತ್ತು, ಕಾಕಾನ ಎಲಿ ಉಳಿಸ್ತು." ಸೂಜಿಯ ಸುದ್ದಿಯೇ ಇಲ್ಲ! ಅಕ್ಕನೂ ಹಾಗೇ ಅನ್ನುತ್ತಾಳೆ. ಕಾಕಾ ಹೌದು ಎನ್ನುವುದಿಲ್ಲ. ಅಲ್ಲ ಎನ್ನುವುದೂ ಇಲ್ಲ.

ಹೋದ ವಾರ ಔರಾದ್ ಕಡೆಯವರೊಬ್ಬರು ಈ ಸುದ್ದಿ ಕೇಳಿಯೇ ಅಷ್ಟು ದೂರದಿಂದ ಬಂದಿದ್ದರಂತೆ. ಮೀನಖಂಡಕ್ಕೆ ನಾಯಿ ಕಚ್ಚಿತ್ತಂತೆ. ಕಾಕಾ ಮೊದಲು ಕೇಳಿದ್ದು, "ನಾಯಿ ಬದಕ್ಯಾದೋ, ಸತ್ತದೋ?"

"ಯಾರಿಗಿ ಗೊತ್ತುರಿ? ಕಡ್ದು ಓಡಿ ಹೋತು."

ಕಾಕಾ ಎಲೆ ಕೊಟ್ಟು ಕಳಿಸಿದರಂತೆ.

ಬಂದವರ ಹೆಸರೇನು, ಯಾವ ಊರು ಎಂದು ಅಕ್ಕನನ್ನು ಕೇಳಿದೆ. ಕಾಕಾನನ್ನೂ ಕೇಳಿದೆ. ಇಬ್ಬರಿಗೂ ಗೊತ್ತಿಲ್ಲ. ಈ ವಾರದ ಅಂಕಣಕ್ಕೆ ಬೇರೇನೋ ಬರೆಯಬೇಕೆಂದಿದ್ದವಳು ಇದನ್ನು ಬರೆದದ್ದು ಅದಕ್ಕೇ.

ಔರಾದ್ ಕಡೆಯ ಓದುಗರೇ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವವರು ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದಾರೆಯೇ?