ಗಾಜಿನ ಮೇಲಿನ ಹನಿ

ಕುಲಶೇಖರದಲ್ಲಿ ಯಾರು ತೀರಿಕೊಂಡರೂ ಪಾದ್ರಿಗಳಿಗಿಂತ ಮೊದಲು ಮರ್ವಿನ್ ಬಾಬ್ ಬರುತ್ತಾರೆ, ಹೆಗಲಲ್ಲಿ ಬೈರಾಸು, ಹಿಂದಿನ ಟೆಂಪೋದಲ್ಲಿ ಶವ ಇಡುವ ಫ್ರೀಜರ್ ಪೆಟ್ಟಿಗೆ. ಗಲ್ಫಿನಲ್ಲಿರುವ ಮಕ್ಕಳು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ತನಕ ದೇಹ ಕೆಡದಂತೆ ನೋಡಿಕೊಳ್ಳುವುದು ಅವರ ಕಸುಬು. ಸಾಂತ್ವನದ ಮಾತು ಅವರಿಗೆ ಬಾರದು. ಪ್ಲಗ್ ಎಲ್ಲಿದೆ ಎಂದಷ್ಟೇ ಕೇಳಿ, ಪೆಟ್ಟಿಗೆಯ ತಂಪು ಹೊಂದಿಸುತ್ತಾರೆ. "ನಾಲ್ಕು ಡಿಗ್ರಿ ಸಾಕು. ಸೊನ್ನೆಯಿಂದ ಕೆಳಗೆ ಹೋದ್ರೆ ಮೈಯ ನೀರೆಲ್ಲ ಐಸ್ ಆಗ್ತದೆ, ಮತ್ತೆ ಮಕ್ಕಳಿಗೆ ಗುರುತು ಸಿಗ್ಲಿಕ್ಕಿಲ್ಲ." ನಮ್ಮ ಸೆಕೆಗೆ ಪೆಟ್ಟಿಗೆಯ ಗಾಜಿನ ಮೇಲೆ ಹನಿ ಕೂರುವುದೇ ತಡ, ಹೆಂಗಸರು "ಅಯ್ಯೋ, ಅಮ್ಮ ಅಳ್ತಿದ್ದಾರೆ" ಎಂದು ಎದೆ ಬಡಿದುಕೊಳ್ಳುತ್ತಾರೆ. "ಅಳುವುದು ಎಂತ ಮಾರಾಯ್ರೆ! ಗಾಳಿಯಲ್ಲಿರುವ ಆವಿ ತಂಪು ತಾಗಿ ನೀರಾದದ್ದು" ಎಂದು ಬಾಬ್ ಸಿಡುಕಿ, ಬೈರಾಸಿನಿಂದ ಗಾಜು ಒರೆಸುತ್ತಾರೆ, ಐದು ನಿಮಿಷಕ್ಕೆ ಮತ್ತೆ ಹನಿ, ಮತ್ತೆ ಸಿಡುಕು. ಕಳೆದ ಮೇ ತಿಂಗಳಲ್ಲಿ ಅದೇ ಪೆಟ್ಟಿಗೆಯಲ್ಲಿ ಅವರ ಹೆಂಡತಿ ವೆರೋನಿಕಾ ಮಲಗಿದ್ದರು. ಮೂರನೆಯ ದಿನ ಕುವೈಟಿನಿಂದ ಮಗಳು ಟಾನ್ಯಾಳ ಫೋನ್ ಬಂತು: ರಜೆ ಸಿಗಲಿಲ್ಲ. ಅಷ್ಟರಲ್ಲಿ ಗಾಜಿನ ತುಂಬ ಹನಿ ಕಟ್ಟಿ ವೆರೋನಿಕಾರ ಮುಖವೇ ಕಾಣದಾಗಿತ್ತು. ನಾನು ಒರೆಸಲು ಹೋದಾಗ ಬಾಬ್ ನನ್ನ ಕೈ ಹಿಡಿದರು. "ಬೇಡ. ಅವಳಿಗೆ ಅಳಲಿಕ್ಕೆ ಉಂಟು."