ವೆಂಕಟೇಶಪ್ಪ ಮೇಷ್ಟ್ರ ನಾಲಿಗೆ ಪಾಠ

ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ವೆಂಕಟೇಶಪ್ಪನವರಿಗೆ ವರ್ಷಕ್ಕೊಂದು ದಿಗ್ವಿಜಯ ಕಟ್ಟಿಟ್ಟ ಬುತ್ತಿ. ಮೊದಲ ವರ್ಷದ ಬಿಎಸ್ಸಿಯವರಿಗೆ ಕೋಶ ವಿಭಜನೆ ಮುಗಿಯುವ ಹೊತ್ತಿಗೆ ಅರ್ಧ ತರಗತಿ ಆಕಳಿಸುತ್ತಿರುತ್ತಿತ್ತು, ಉಳಿದರ್ಧಕ್ಕೆ ಆಕಳಿಸುವ ಹಂತವೂ ದಾಟಿರುತ್ತಿತ್ತು. ಮಾರನೆಯ ದಿನ ಅನುವಂಶೀಯತೆ ಶುರು. ಆಗ ಮೇಷ್ಟ್ರು ಬತ್ತಳಿಕೆಗೆ ಕೈಹಾಕುತ್ತಿದ್ದರು. ಮೇಜಿಗೆ ಕೈಯೂರಿ, ಬೋಳುತಲೆಯನ್ನಾಗಲಿ ಮೂಗಿನ ತುದಿಗೆ ಜಾರಿದ ಕನ್ನಡಕವನ್ನಾಗಲಿ ಲೆಕ್ಕಿಸದೆ, ನಾಲಿಗೆ ಹೊರಚಾಚಿ, ಅದರ ಎರಡೂ ಅಂಚು ಮೇಲೆತ್ತಿ ಕೊಳವೆಯಂತೆ ಸುರುಳಿ ಮಾಡುತ್ತಿದ್ದರು.

ಸತ್ತಂತಿದ್ದ ಸೇನೆ ಎದ್ದು ಕೂರುತ್ತಿತ್ತು.

"ಮಾಡ್ರಪ್ಪ ಎಲ್ರೂ! ಬಂತಾ? ಬಂದೋರಿಗೆ ಇದು ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಲೇಬೇಕು. ಇಬ್ಬರಿಗೂ ಬರದೆ ಇದ್ರೆ ಮಗುಗೆ ಬರೋ ಮಾತೇ ಇಲ್ಲ. ಮನೇಲಿ ಪರೀಕ್ಷೆ ಮಾಡ್ಕೊಂಡು ಬನ್ನಿ."

ಮೇಷ್ಟ್ರು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ಮರಿಯ ಕಿವಿ ನೋಡಿ ಅದರಪ್ಪ ಯಾವ ಟಗರೆಂದು ಅವರ ತಾತ ಹೇಳುತ್ತಿದ್ದನಂತೆ. ಆ ವಿದ್ಯೆಯನ್ನೇ ತಾವು ಮನುಷ್ಯರವರೆಗೆ ಬೆಳೆಸಿದ್ದೇವೆ ಎಂಬ ಸಣ್ಣ ಹೆಮ್ಮೆ ಅವರಿಗಿತ್ತು. ಒಂದೇ ವ್ಯತ್ಯಾಸವೆಂದರೆ, ತಾತ ಹೇಳಿದ್ದಕ್ಕೆ ಕುರಿಗಳು ಎಂದೂ ಮನಸ್ಸು ಕೆಡಿಸಿಕೊಂಡಿರಲಿಲ್ಲ.

ಈ ಸಲ ತರಗತಿಯಲ್ಲಿ ಊರಿಗಾಂನ ಕಲ್ಪನ ಇದ್ದಳು. ಅಪ್ಪ ಸೆಲ್ವರಾಜ್ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುವವನು. ಅಮ್ಮ ಮುನಿಲಕ್ಷ್ಮಿ ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಭಾನುವಾರ ಕಲ್ಪನ ಇಬ್ಬರನ್ನೂ ಬಾಗಿಲಲ್ಲಿ ಕೂರಿಸಿ ನಾಲಿಗೆ ಹೊರಹಾಕಿಸಿದಳು. ಅಪ್ಪನದು ಹಲಗೆ. ಅಮ್ಮನದೂ ಹಲಗೆ. ಕಲ್ಪನಳದು ಮಾತ್ರ ಚೆಂದದ ಸುರುಳಿ.

"ಅಯ್ಯೋ, ನಮ್ ಸಾರ್ ಪ್ರಕಾರ ನಾನ್ ನಿಮ್ ಮಗಳೇ ಅಲ್ಲ!" ಎಂದು ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಅವರಿಬ್ಬರೂ ನಕ್ಕರು.

ಆದರೆ ಊರಿಗಾಂನಲ್ಲಿ ಅವರಿದ್ದದ್ದು ಚಿನ್ನದ ಗಣಿ ಕಂಪನಿ ಕಾಲದ ಲೈನು ಮನೆ, ಆ ಸಾಲಿನಲ್ಲಿ ಎರಡು ಮನೆಗೆ ಗೋಡೆ ಒಂದೇ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನಬೇಕು. ಗೋಡೆಯಾಚೆಯ ಶಶಿರೇಖ ಮಾರನೆಯ ಬೆಳಗ್ಗೆ ಕೊಳಾಯಿ ಹತ್ತಿರ, "ಏನೇ ಮುನಿಲಕ್ಷ್ಮಿ, ಆಸ್ಪತ್ರೇಲಿ ಮಗು ಬದಲಾಗೋಗಿತ್ತಾ? ಇಲ್ಲಾ ನಮಗ್ ಗೊತ್ತಿಲ್ದೆ ಬೇರೆ ಏನಾರ ಕತೆ ಐತಾ?" ಎಂದು ಕೊಡ ತುಂಬುತ್ತಲೇ ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಕೊಡ ತುಂಬುವವರೆಗೆ ಏನಾದರೂ ಮಾತು ಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಇಡೀ ಲೈನು ನಾಲಿಗೆ ಚಾಚಿಕೊಂಡು ನಿಂತಿತ್ತು. ಮರುದಿನ ಸುದ್ದಿ ರೈಲು ಹತ್ತಿತು. ಇಸ್ಪೀಟು ಹಂಚುತ್ತಿದ್ದ ಗೆಳೆಯರು, "ಡೇ ಸೆಲ್ವಾ, ಆ ನಾಲಿಗೆ ಯಾರ್ದು ಅಂತ ಪತ್ತೆ ಆಯ್ತಾ?" ಎಂದರು. ಸೆಲ್ವರಾಜ್ ಊರಿಗಾಂನಿಂದ ಬಂಗಾರಪೇಟೆಯವರೆಗೆ ನಕ್ಕ. ಮಾಲೂರು ದಾಟಿದ ಮೇಲೆ ನಗಲಿಲ್ಲ.

ಆ ವಾರದಲ್ಲೇ ಒಂದು ಸಂಜೆ ಅವನು ತಲೆ ಎತ್ತದೆ, "ಒಂದ್ ಡಿಎನ್‌ಎ ಟೆಸ್ಟ್ ಮಾಡಿಸ್ಬಿಡಾಣ. ಎಲ್ರ ಬಾಯೂ ಮುಚ್ಚೋಗುತ್ತೆ" ಎಂದ. ಮುನಿಲಕ್ಷ್ಮಿ ತೊಳೆಯುತ್ತಿದ್ದ ಅವನ ಟಿಫನ್ ಡಬ್ಬಿಯನ್ನು ಹಾಗೇ ಕೆಳಗಿಟ್ಟು, ಸೀರೆಗಳನ್ನು ಚೀಲಕ್ಕೆ ತುರುಕಿ, ತವರಿಗೆ ಹೊರಟುಹೋದಳು.

ಕಲ್ಪನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇಷ್ಟನ್ನೂ ಹೇಳಿದಳು. ಅಳಲಿಲ್ಲ. "ಸಾರ್, ಆ ಪಾಠ ನಿಜಾನಾ?" ಎಂದಷ್ಟೇ ಕೇಳಿದಳು.

ಮೇಷ್ಟ್ರು "ನೋಡಿ ಹೇಳ್ತೀನಮ್ಮ" ಎಂದರು. ಇಷ್ಟು ವರ್ಷದಲ್ಲಿ ಅವರು ನೋಡದೆ ಹೇಳಿದ್ದೇ ಹೆಚ್ಚು. ಅವಳು ಅತ್ತ ಹೋದ ಮೇಲೆ ಮೊಬೈಲು ತೆಗೆದು ಹುಡುಕಿದರು. ಒಂದು ಚಹಾ ಆರುವಷ್ಟರಲ್ಲಿ ಅವರ ಸಾಮ್ರಾಜ್ಯ ಕುಸಿಯಿತು. ನಾಲಿಗೆ ಸುರುಳಿ ಹಾಗೆ ಸರಳವಾಗಿ ಇಳಿದು ಬರುವ ಗುಣವೇ ಅಲ್ಲವಂತೆ. ಸುರುಳಿ ಬಾರದ ತಂದೆತಾಯಿಗೆ ಸುರುಳಿ ಬರುವ ಮಕ್ಕಳು ಎಷ್ಟೋ ಇದ್ದಾರಂತೆ. ಇದೆಲ್ಲ ಅವರು ಹುಟ್ಟುವ ಮೊದಲೇ ಗೊತ್ತಾಗಿದ್ದ ವಿಷಯ.

ಭಾನುವಾರ ಮೇಷ್ಟ್ರೆಂಬ ಮಹಾರಥಿ ಒಬ್ಬರೇ, ಕೈಯಲ್ಲಿ ಕೊಡೆ ಮಾತ್ರ ಹಿಡಿದು, ಊರಿಗಾಂ ಮೇಲೆ ದಂಡೆತ್ತಿ ಹೋದರು. ಸೆಲ್ವರಾಜ್ ಹೊಸ್ತಿಲಲ್ಲಿ ಕೂತಿದ್ದ. ಮೇಷ್ಟ್ರು, "ತಪ್ಪು ನಂದಪ್ಪ. ನಾನು ಹೇಳಿದ್ದು ಸುಳ್ಳು ಪಾಠ" ಎಂದರು. ಹೇಳುವಷ್ಟರಲ್ಲಿ ಲೈನೆಲ್ಲ ಸೇರಿತ್ತು.

"ಅದೆಂಗ್ ಸಾರ್?" ಶಶಿರೇಖ ಸೊಂಟಕ್ಕೆ ಕೈಯಿಟ್ಟಳು. "ಅವತ್ತು ನಿಜ ಅಂದ್ರಿ, ಇವತ್ತು ಸುಳ್ಳು ಅಂತೀರಿ. ಪಾಪ, ಆ ಹೆಣ್ಣಿನ ಸಂಸಾರ ಉಳೀಲಿ ಅಂತ ತಾನೆ?"

ಸೆಲ್ವರಾಜ್ ಮುಖದ ಮೇಲೂ ಅದೇ ಬರೆದಿತ್ತು. ಸುಳ್ಳನ್ನು ಒಂದು ಮಾತಿನಲ್ಲಿ ನಂಬಿದ್ದ ಜನಕ್ಕೆ ನಿಜಕ್ಕೆ ಪುರಾವೆ ಬೇಕಾಗಿತ್ತು. ಮೇಷ್ಟ್ರು ಬೆವರು ಒರೆಸಿಕೊಂಡು ಗುಂಪನ್ನು ನೋಡಿದರು. ಹಿಂದೆ ಸೀನಪ್ಪ, ಗೋವಿಂದಪ್ಪ ನಿಂತಿದ್ದರು. ಅದೇ ಲೈನಿನವರು, ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುವ ಅವಳಿಗಳು. ಒಬ್ಬನ ಜೊತೆ ಜಗಳ ಆಡಿದವರು ಇನ್ನೊಬ್ಬನ ಜೊತೆ ರಾಜಿಯಾಗುವಷ್ಟು ಒಂದೇ ಅಚ್ಚು.

"ಇವರಿಬ್ಬರೂ ತಾಯಿ ಹೊಟ್ಟೇಲಿ ಮೊದಲು ಒಂದೇ ಕೋಶ," ಎಂದರು ಮೇಷ್ಟ್ರು. "ಅದು ಒಡೆದು ಎರಡು, ನಾಲ್ಕು, ಹೀಗೆ ಗುಂಪಾಯ್ತು. ಆ ಗುಂಪು ಇಬ್ಭಾಗ ಆಗಿ ಇಬ್ಬರಾದ್ರು. ಅಪ್ಪ ಅಮ್ಮ ಕೊಟ್ಟಿದ್ದೆಲ್ಲ ಇಬ್ಬರಲ್ಲೂ ಒಂದೇ. ನಾಲಿಗೆ ಅದರಿಂದಲೇ ಸುರುಳಿ ಆಗೋದಾದ್ರೆ ಇಬ್ಬರಿಗೂ ಬರಬೇಕು, ಇಲ್ಲ ಇಬ್ಬರಿಗೂ ಬರಬಾರದು. ಚಾಚ್ರಪ್ಪ."

ಹೇಳಿ ಆದ ಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಎಷ್ಟೋ ಅವಳಿಗಳಲ್ಲಿ ಇಬ್ಬರದೂ ಒಂದೇ ಥರ ಇರುತ್ತದೆ. ಇವರದೂ ಹಾಗೇ ಆದರೆ ಮುನಿಲಕ್ಷ್ಮಿಯ ಕತೆ ಮುಗಿದಂತೆ.

ಗೋವಿಂದಪ್ಪ ಚಾಚಿದ. ಸುರುಳಿ! ಸೀನಪ್ಪ ಚಾಚಿದ, ಮುಖ ಕೆಂಪಾಗುವಷ್ಟು ಹೆಣಗಿದ. ನಾಲಿಗೆ ಕಾವಲಿಯ ಮೇಲಿನ ದೋಸೆಯಂತೆ ಅಗಲವಾಗಿ ಬಿದ್ದುಕೊಂಡಿತ್ತು.

"ಲೇ, ಇಷ್ಟ್ ದಿನ ನನ್ ಅಣ್ಣ ಅಂದ್ಕೊಂಡಿದ್ನಲ್ಲೋ, ಯಾರೋ ನೀನು?" ಎಂದ ಗೋವಿಂದಪ್ಪ. ಲೈನು ಬಿದ್ದು ಬಿದ್ದು ನಕ್ಕಿತು. ಸೆಲ್ವರಾಜ್ ನಗಲಿಲ್ಲ. ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದ.

ಸೀನಪ್ಪನ ಆಟೋದಲ್ಲೇ ಮೇಷ್ಟ್ರೂ ಸೆಲ್ವರಾಜೂ ಮುನಿಲಕ್ಷ್ಮಿಯ ಹಳ್ಳಿಗೆ ಹೊರಟರು. ದಾರಿಯುದ್ದಕ್ಕೂ ಮೇಷ್ಟ್ರು, "ಪೂರ್ತಿ ತಪ್ಪು ನಂದೇ" ಎನ್ನುತ್ತಿದ್ದರು. ಸೆಲ್ವರಾಜ್, "ಇಲ್ಲ ಸಾರ್, ನಂದೇ" ಎನ್ನುತ್ತಿದ್ದ. ಕೋಶ ಒಡೆದಾಗ ಅದರೊಳಗಿನ ವಂಶದ ಗಂಟು ಅರ್ಧರ್ಧ ಆಗುವುದಿಲ್ಲ, ಎರಡಕ್ಕೂ ಪೂರ್ತಿ ಪ್ರತಿ ಸಿಗುತ್ತದೆ. ಆ ಆಟೋದಲ್ಲಿ ತಪ್ಪು ಹಂಚಿಕೆಯಾದದ್ದೂ ಹೀಗೆಯೇ. ಹಂಚಿಕೊಂಡರೂ ಯಾರ ಪಾಲೂ ಹಗುರವಾಗಲಿಲ್ಲ.

ಮುನಿಲಕ್ಷ್ಮಿ ಟೊಮೇಟೊ ತೋಟದಲ್ಲಿ ಹಣ್ಣು ಕೀಳುತ್ತಿದ್ದಳು. ಮೇಷ್ಟ್ರು ಅವಳಿಗಳ ಸಾಕ್ಷಿ ಸಮೇತ ಎಲ್ಲವನ್ನೂ ಹೇಳಿ ಕೈಮುಗಿದರು. ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು.

"ನೀವ್ಯಾಕ್ ಕೈಮುಗೀತೀರಾ ಸಾರ್, ಬಿಡಿ. ನೀವ್ ಏಳಿದ್ದು ತಪ್ಪು ಪಾಠ. ಅದನ್ನ ತಿದ್ಕಂಡ್ರಿ, ಆಯ್ತು. ಈವಯ್ಯ ನಂಬಿದ್ದು ಪಾಠ ಅಲ್ಲ, ಊರೋರ ಮಾತು." ಗಂಡನ ಕಡೆ ತಿರುಗಿದಳು. "ಈಗ ಸೀನಪ್ಪನ ನಾಲಿಗೆ ನೋಡಿ ನನ್ನ ನಂಬಿದ್ಯಾ? ಅದೂ ಸುರುಳಿ ಆಗಿದ್ದಿದ್ರೆ?"

ಸೆಲ್ವರಾಜ್ ಬಗ್ಗಿ, ಕೆಳಗೆ ಬಿದ್ದಿದ್ದ ಹಣ್ಣೊಂದನ್ನು ಎತ್ತಿ ಕ್ರೇಟಿಗೆ ಹಾಕಿದ.

"ಮಗಳಿಗೆ ಪರೀಕ್ಷೆ ಬತ್ತಾ ಐತೆ. ಅವಳಿಗೋಸ್ಕರ ಬತ್ತೀನಿ. ನಿನಗೋಸ್ಕರ ಯಾವಾಗ ಬತ್ತೀನೋ ನೋಡಾಣ." ಹೀಗೆ ಹೇಳಿ ಕ್ರೇಟು ತೋರಿಸಿದಳು. "ಎತ್ಕೋ."

ಅವನು ಎತ್ತಿಕೊಂಡ. ಮೇಷ್ಟ್ರೂ ಒಂದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು.

ಮುನಿಲಕ್ಷ್ಮಿ ಊರಿಗಾಂಗೆ ಮರಳಿದಳು. ಮೇಷ್ಟ್ರು ತರಗತಿಯಲ್ಲಿ ನಿಂತು ತಾವು ಹೇಳಿದ್ದು ತಪ್ಪೆಂದು ಒಪ್ಪಿಕೊಂಡರು. ಹುಡುಗರು ಚಪ್ಪಾಳೆ ತಟ್ಟಿದರು. ಕಲ್ಪನ ತಟ್ಟಲಿಲ್ಲ, ಪುಸ್ತಕದ ಪುಟ ತಿರುಗಿಸುತ್ತಿದ್ದಳು. ಆ ಕ್ಷಣದಲ್ಲಿ ಮೇಷ್ಟ್ರಿಗೆ ಹಿಂದಿನ ವರ್ಷಗಳೆಲ್ಲ ನೆನಪಾದವು. ಪ್ರತಿ ವರ್ಷವೂ ಒಂದು ದಿಗ್ವಿಜಯ, ಪ್ರತಿ ವರ್ಷವೂ ಒಂದು ತರಗತಿ ತುಂಬ ನಾಲಿಗೆಗಳು. ಎಲ್ಲರನ್ನೂ ಮನೆಗೆ ಕಳಿಸಿದವರು ಅವರೇ. ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳಿದವಳು ಕಲ್ಪನ ಒಬ್ಬಳೇ.

ಅಂದಿನಿಂದ ಹಳೆಯ ವಿದ್ಯಾರ್ಥಿಗಳು ಎಲ್ಲಿ ಕಂಡರೂ ಮೇಷ್ಟ್ರು ಅವರ ಕೈ ಹಿಡಿದು, "ಅಪ್ಪ ಅಮ್ಮ ಚೆನ್ನಾಗಿದಾರಾ?" ಎಂದು ಕೇಳುತ್ತಾರೆ. ವಯಸ್ಸಾಗುತ್ತ ಮೇಷ್ಟ್ರಿಗೆ ಎಷ್ಟು ಪ್ರೀತಿ ಬಂದಿದೆ ಎಂದು ಊರು ಮೆಚ್ಚಿಕೊಂಡಿದೆ. ಹೆಚ್ಚಿನವರು "ಚೆನ್ನಾಗಿದಾರೆ ಸಾರ್" ಎನ್ನುತ್ತಾರೆ. ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ ಒಬ್ಬಳು, "ಅಪ್ಪ ನಾನು ಓದುವಾಗಲೇ ಮನೆ ಬಿಟ್ಟು ಹೋದ್ರು ಸಾರ್, ಯಾಕೆ ಅಂತ ಅಮ್ಮ ಹೇಳಲ್ಲ" ಎಂದಳು.

ಮೇಷ್ಟ್ರು ಅವಳ ಕೈ ಬಿಡಲಿಲ್ಲ. ಅವರು ಹತ್ತಬೇಕಿದ್ದ ರೈಲು ಅವರ ಕಣ್ಣೆದುರೇ ಹೊರಟುಹೋಯಿತು.