ಗೋಡೆ ಮುಟ್ಟಿ ನೋಡುತ್ತಿದ್ದ ಅಂತೋನಿ ಪೊರ್ಬುಗಳು

ಅಂತೋನಿ ಪೊರ್ಬುಗಳು ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆ ಮುಟ್ಟುತ್ತಿದ್ದರು. ಮಗುವಿಗೆ ಜ್ವರ ಇದೆಯೋ ಎಂದು ನೋಡುವ ಹಾಗೆ ಕೈಯ ಹಿಂಬದಿಯಿಂದ, ಮೊಣಕಾಲೆತ್ತರದಲ್ಲಿ ಒಮ್ಮೆ, ಸೊಂಟದೆತ್ತರದಲ್ಲಿ ಒಮ್ಮೆ. ಸೀಮಂತದ ಮನೆ, ಸಾವಿನ ಮನೆ ಎಂಬ ಭೇದವಿರಲಿಲ್ಲ. ಹೊಳೆಬದಿಯ ಸುಮತಿಯಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದ ದಿನ ಇವರು ನೇರ ಒಳಗೆ ಹೋಗಿ, ನೆಂಟರ ಬೆನ್ನ ಹಿಂದೆ ಬಗ್ಗಿ ಗೋಡೆ ಮುಟ್ಟಿ, “ಇನ್ನೂ ಕುಡಿದೇ ಉಂಟು ಸುಮತಿ, ಅಮಲು ಇಳಿಯಲಿಲ್ಲ” ಎಂದುಬಿಟ್ಟರು. ಗಂಡಿನ ತಂದೆ ಮೆಲ್ಲಗೆ ಹುಡುಗಿಯ ಅಪ್ಪನ ಮುಖ ನೋಡಿದರಂತೆ. ಕುಡಿದದ್ದು ಗೋಡೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸುಮತಿಯಕ್ಕನಿಗೆ ಸಾಕೋ ಸಾಕಾಯಿತು.

ನಮ್ಮದು ಕಾಪುವಿನಿಂದ ಒಳಗೆ, ಎಲ್ಲೂರಿನ ಕಡೆಗೆ ಹೋಗುವಾಗ ಸಿಗುವ ಊರು. ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುವುದು ಇಲ್ಲಿಯ ತುಳುವರ ರೂಢಿ. ಅಂತೋನಿ ಪೊರ್ಬುಗಳಿಗೆ ಹೊಳೆಯ ಪಕ್ಕ ಸ್ವಲ್ಪ ಗದ್ದೆ, ಸ್ವಲ್ಪ ತೆಂಗು, ಅದರ ಜೊತೆಗೆ ಊರು ಒಪ್ಪಿಸಿದ ಒಂದು ಕೆಲಸ. ಹೊಳೆಗೆ ಕಿಂಡಿ ಅಣೆಕಟ್ಟು ಇದೆ. ದೀಪಾವಳಿ ಕಳೆದು ಚಳಿ ಹಿಡಿಯುವಾಗ ಅದರ ಕಿಂಡಿಗಳಿಗೆ ಹಲಗೆ ಇಳಿಸಿ ಮಣ್ಣು ತುಂಬಿದರೆ ಸಮುದ್ರದ ಉಪ್ಪುನೀರು ಮೇಲೆ ಬರುವುದಿಲ್ಲ, ಬೇಸಿಗೆಯಿಡೀ ಬಾವಿಗಳು ಸಿಹಿಯಾಗಿರುತ್ತವೆ. ಮಳೆಗಾಲಕ್ಕೆ ಮುಂಚೆ ಆ ಹಲಗೆಗಳನ್ನು ಎತ್ತಲೇಬೇಕು, ಇಲ್ಲದಿದ್ದರೆ ಹೊಳೆ ಬದಿ ಹತ್ತುತ್ತದೆ. ಇಳಿಸುವ ದಿನ, ಎತ್ತುವ ದಿನ ಎರಡನ್ನೂ ಹೇಳುವವರು ಪೊರ್ಬುಗಳು. ಎತ್ತುವುದಕ್ಕೆ ಅವರು ಹಿಡಿದದ್ದು ಪತ್ತನಾಜೆಯನ್ನು, ಮೇ ಕೊನೆಗೆ ಬರುವ ತುಳುವರ ದಿನ, ಕೋಲ, ಯಕ್ಷಗಾನಗಳೆಲ್ಲ ನಿಂತು ವೇಷಧಾರಿಗಳು ಗೆಜ್ಜೆ ಬಿಚ್ಚುವ ದಿನ. “ಗೆಜ್ಜೆ ಬಿಚ್ಚಿದ ಮೇಲೆ ಹಲಗೆ ನಿಲ್ಲಬಾರದು” ಎನ್ನುತ್ತಿದ್ದರು. ನಮ್ಮ ಪತ್ತನಾಜೆಯನ್ನು ನಮಗಿಂತ ಗಟ್ಟಿಯಾಗಿ ನಂಬಿದವರು ಇಗರ್ಜಿಗೆ ಹೋಗುವ ಈ ಮನುಷ್ಯ.

ಆ ನಂಬಿಕೆಯನ್ನು ತಪ್ಪಿಸಿದವಳು ನಾನು.

ನನ್ನ ತಮ್ಮನ ಮದುವೆ ಪತ್ತನಾಜೆ ಕಳೆದು ನಾಲ್ಕನೇ ದಿನಕ್ಕಿತ್ತು, ನಮ್ಮ ಮನೆಯಂಗಳದಲ್ಲೇ. ಹಲಗೆ ಎತ್ತಿದರೆ ಎರಡೇ ದಿನಕ್ಕೆ ಗುಡ್ಡೆಯ ಬುಡದ ನಮ್ಮ ಬಾವಿ ಉಪ್ಪಾಗುತ್ತದೆ. ಅಷ್ಟು ಜನರಿಗೆ ಉಪ್ಪುನೀರಿನ ಪಾಯಸ ಬಡಿಸುವುದೇ? ನಾನು ಒಬ್ಬಳೇ ಹೋಗಿ, ಮಕ್ಕಳಿಗೆ ಪಾಠ ಹೇಳುವ ನಾಲಿಗೆಯನ್ನೆಲ್ಲ ಖರ್ಚು ಮಾಡಿ ಕೇಳಿದೆ. “ನಾಲ್ಕು ದಿನ ತಡೆಯಿರಿ ಪೊರ್ಬುಗಳೇ. ಮೋಡವೇ ಇಲ್ಲ.”

ಅವರು ಕಾರ್ಕಳದ ಕಡೆಯ ಆಕಾಶವನ್ನು ಬಹಳ ಹೊತ್ತು ನೋಡಿದರು. “ಮೋಡ ನಮ್ಮ ಹತ್ತಿರ ಹೇಳಿ ಬರುವುದಿಲ್ಲ ಟೀಚರ್,” ಎಂದರು. ಆಮೇಲೆ, “ಆಯಿತು. ಮದುವೆ ಅಲ್ವಾ.”

ಪತ್ತನಾಜೆ ಕಳೆದು ಮೂರನೇ ದಿನ ಬೆಳಿಗ್ಗೆ, ಮೇಲೆ ಕಾರ್ಕಳದ ಕಡೆ ಸುರಿದ ಮಳೆಯ ನೀರು ಹೊಳೆಯಲ್ಲಿ ಕೆಂಪಾಗಿ ಬಂತು. ಪೊರ್ಬುಗಳು ನಾಲ್ಕು ಜನರನ್ನು ಕಟ್ಟಿಕೊಂಡು ಕೊಕ್ಕೆ ಹಾಕಿ ಎಳೆದರು. ನೀರಿನ ಒತ್ತಡಕ್ಕೆ ಹಲಗೆಗಳು ಕಿಂಡಿಯೊಳಗೆ ಕಚ್ಚಿಕೊಂಡಿದ್ದವು, ಒಂದೂ ಅಲುಗಲಿಲ್ಲ. ಹೊಳೆ ಬದಿ ಹತ್ತಿ, ಪೊರ್ಬುಗಳದ್ದೂ ಸೇರಿ ಹನ್ನೊಂದು ಮನೆಗಳಿಗೆ ನುಗ್ಗಿತು. ಜೀವ ಹೋಗಲಿಲ್ಲ. ಮಳೆಗಾಲಕ್ಕೆಂದು ಕೂಡಿಟ್ಟ ಕುಚ್ಚಲಕ್ಕಿ, ಸೌದೆ, ಒಣಮೀನು, ಹಪ್ಪಳ ಎಲ್ಲ ಮಳೆಗಾಲದ ಬಾಗಿಲಲ್ಲೇ ಹೋಯಿತು. ನಮ್ಮ ಮನೆ ಗುಡ್ಡೆಯ ಮೇಲೆ, ಅಂಗಳ ಸಹ ಒದ್ದೆಯಾಗಲಿಲ್ಲ. ಮದುವೆಯನ್ನು ಮಣಿಪಾಲದ ಹತ್ತಿರದ ಒಂದು ಹಾಲ್‌ಗೆ ಬದಲಾಯಿಸಿದೆವು. ಬಾವಿಯ ಒಂದು ಕೊಡ ನೀರೂ ಬೇಕಾಗಲಿಲ್ಲ.

ಆಮೇಲಿನ ವರ್ಷಗಳೇ ಪೊರ್ಬುಗಳ ನಿಜವಾದ ಬದುಕು ಎಂದು ನನಗೆ ಕಾಣುತ್ತದೆ. ಪರಿಹಾರ ಕೊಡುವವರು ಬಂದರು, ಫೋಟೋ ತೆಗೆದರು, ಹೋದರು. ಗೋಡೆಯ ನೀರು ಹೋಗಲಿಲ್ಲ. ಮಳೆಗಾಲದಲ್ಲಿ ಗಾರೆ ಮೆತ್ತಿದರೆ ಉದುರುತ್ತದೆ. ಹಾಗಾಗಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ, ಒಣ ಚಳಿಯ ದಿನಗಳಲ್ಲಿ, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಊರನ್ನು ಎಬ್ಬಿಸುತ್ತಿದ್ದರು. ಒಂದು ಮನೆಯ ಗೋಡೆ ಕೆರೆಯುವುದು, ಒಣಗಲು ಬಿಡುವುದು, ಮುಂದಿನ ಮನೆಗೆ ಹೋಗುವುದು. ಯಾರ ಮನೆ ಮೊದಲು ಎಂಬ ಪಟ್ಟಿ ಅವರದೇ, ತಮ್ಮ ಮನೆಯನ್ನು ಕೊನೆಗೆ ಬರೆದಿದ್ದರು. ಇನ್ನೊಂದು ಪದ್ಧತಿಯನ್ನೂ ಮಾಡಿದರು. ಹೊಳೆಬದಿಯ ಪ್ರತಿಯೊಂದು ಮನೆಗೆ ಗುಡ್ಡೆಯ ಮೇಲಿನ ಒಂದು ಮನೆ ಜೋಡಿ. ಕೆಳಗಿನವರ ಮಳೆಗಾಲದ ಅಕ್ಕಿ, ಸೌದೆ, ಕಾಗದಪತ್ರ ಮೇಲಿನವರ ಅಟ್ಟದಲ್ಲಿ. “ನಿನ್ನ ಅಕ್ಕಿ ನಿನ್ನ ಮನೆಯಲ್ಲಿದ್ದರೆ ನಿನಗೆ ಮಾತ್ರ ಚಿಂತೆ. ಅವನ ಮನೆಯಲ್ಲಿದ್ದರೆ ಇಬ್ಬರಿಗೂ ಚಿಂತೆ,” ಎನ್ನುತ್ತಿದ್ದರು. ಸುಮತಿಯಕ್ಕನ ಅಕ್ಕಿ ನಮ್ಮ ಅಟ್ಟಕ್ಕೆ ಬಂತು. ನಾನು ಬೆಳಿಗ್ಗೆ ಎದ್ದು ಅದನ್ನೇ ನೋಡಬೇಕು.

ಒಂದು ವರ್ಷ ಊರಿನ ಮೀಟಿಂಗಿನಲ್ಲಿ ಅವರು ಎದ್ದು ನಿಂತು, “ಹಲಗೆಗೆ ಬೇರೆ ಯಾರನ್ನಾದರೂ ನೋಡಿ. ನನಗೆ ಸಾಕು,” ಎಂದರು. ಯಾರೋ ನಕ್ಕು, “ನಿಮ್ಮನ್ನು ಬಿಟ್ಟರೆ ಯಾರಿಗೆ ಗೊತ್ತುಂಟು ಮಾರಾಯ್ರೆ, ಕೂತುಕೊಳ್ಳಿ,” ಎಂದರು. ಅವರು ಕೂತುಕೊಂಡರು. ಹೊರಗೆ ಚಪ್ಪಲಿ ಹುಡುಕುತ್ತಾ ನನಗೆ ಹೇಳಿದರು, “ಒಬ್ಬನಾದರೂ ಬೈಯಬೇಕಿತ್ತು ಟೀಚರ್. ಬೈದಿದ್ದರೆ ನಾನೂ ಎರಡು ಮಾತು ಬೈದು, ಮನೆಗೆ ಹೋಗಿ ಮಲಗುತ್ತಿದ್ದೆ. ಇವರು ಚಾ ಕೊಡುತ್ತಾರೆ. ನಾನು ಎಲ್ಲಿಗೆ ಹೋಗುವುದು?”

ನಾನು ಕೇಳಿದೆ, “ನಾನು ಹೇಳಿದ್ದು ಎಂದು ನೀವು ಯಾಕೆ ಹೇಳಲಿಲ್ಲ?”

“ಕೇಳಿದ್ದು ನೀವು. ಹಲಗೆ ಇದ್ದದ್ದು ನನ್ನ ಕೈಯಲ್ಲಿ ಅಲ್ವಾ.”

ಆ ದಿನವಾದರೂ ಒಳಗೆ ಹೋಗಿ ಎಲ್ಲರ ಮುಂದೆ ಹೇಳಬಹುದಿತ್ತು. ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಇದಕ್ಕೆ ಹೇಡಿತನ ಎನ್ನುವುದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ.

ಕೊನೆಯ ಸಲ ನೋಡಿದ್ದು ಕಳೆದ ಕ್ರಿಸ್ಮಸ್ ಮುಗಿದ ವಾರ. ಮಂಚ ಹಿಡಿದಿದ್ದರು, ಉಸಿರು ಸಾಲುತ್ತಿರಲಿಲ್ಲ. ಹತ್ತು ಮನೆಗಳ ಗೋಡೆ ಮುಗಿದಿತ್ತು. ಅವರ ಕೋಣೆಯ ಗೋಡೆಯಲ್ಲಿ ಆ ವರ್ಷದ ನೀರಿನ ಗೆರೆ ಹಾಗೇ ಇತ್ತು. “ಒಮ್ಮೆ ಮುಟ್ಟಿ ನೋಡಿ ಟೀಚರ್, ನನ್ನ ಕೈ ಎಟಕುವುದಿಲ್ಲ,” ಎಂದರು. ಮುಟ್ಟಿದೆ. ತಣ್ಣಗಿತ್ತು, ಬೆರಳಿಗೆ ಮಣ್ಣು ಅಂಟಿತು.

“ಆರಿದೆ ಪೊರ್ಬುಗಳೇ,” ಎಂದೆ.

“ನಿಮಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ,” ಎಂದು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು. ಸಂಕ್ರಾಂತಿಗೆ ಮುಂಚೆ ಹೋದರು.

ಈ ಮೇ ತಿಂಗಳಲ್ಲಿ ಹಲಗೆಯ ಮೀಟಿಂಗ್ ನಡೆದಾಗ ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಟೀಚರ್ ಅಂದರೆ ಕ್ಯಾಲೆಂಡರ್ ನೋಡಲು ಗೊತ್ತು ಎಂಬುದು ಊರಿನ ಲೆಕ್ಕ. ಸುಮತಿಯಕ್ಕ ಎದ್ದು ನಿಂತಳು. ಮಗಳ ಮದುವೆಯಂತೆ, ಪತ್ತನಾಜೆ ಕಳೆದು ಮೂರು ದಿನಕ್ಕೆ, ಮನೆಯಂಗಳದಲ್ಲಿ. “ಮೂರೇ ದಿನ ತಡೆಯಿರಿ ಟೀಚರ್.”

ಆಗ ನಾನು ಹೇಳಿದೆ. ಆ ವರ್ಷ ಪೊರ್ಬುಗಳ ಮನೆಗೆ ಹೋದದ್ದು, ಕೇಳಿದ್ದು, ಅವರು ಆಕಾಶ ನೋಡಿದ್ದು, ಒಂದನ್ನೂ ಬಿಡದೆ ಹೇಳಿದೆ. ಹೇಳಿ, ಬೈಗುಳಕ್ಕೆ ಕಾದು ನಿಂತೆ. ನೆರೆಯಲ್ಲಿ ಅಕ್ಕಿ ಕಳೆದುಕೊಂಡವರೆಲ್ಲ ಎದುರಿಗೇ ಕೂತಿದ್ದರು.

ಸುಮತಿಯಕ್ಕ, “ಹೋಗಲಿ ಬಿಡಿ ಟೀಚರ್. ಆದದ್ದು ಆಯಿತು,” ಎಂದಳು. “ಪತ್ತನಾಜೆಗೇ ಎತ್ತಿಸಿ. ನೀರನ್ನು ಟ್ಯಾಂಕರಿನಲ್ಲಿ ತರಿಸುತ್ತೇನೆ.”

ಯಾರೋ ನನ್ನ ಕೈಗೆ ಚಾ ಕೊಟ್ಟರು.